ಪಿತ್ತಕೋಶ ಹೋದ ಮೇಲೂ ಉಳಿದ ಪಿತ್ತ

ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ನಾನು ಆಸ್ಪತ್ರೆಯ ಕುರ್ಚಿಗಳಲ್ಲಿ ಕೂತು ಬೇಕಾದಷ್ಟು ಓದಿದ್ದೇನೆ. ಎಲ್ಲರೂ ಕೊನೆಗೆ ಕಾಯಿಲೆಗೆ ಕೃತಜ್ಞತೆ ಹೇಳುತ್ತಾರೆ. ಅದು ಅವರಿಗೆ ಸಹನೆ ಕಲಿಸಿತಂತೆ, ಕ್ಷಮೆ ಕಲಿಸಿತಂತೆ, ಬೆಳಗಿನ ಬಿಸಿಲಿನ ಬೆಲೆ ಕಲಿಸಿತಂತೆ. ಅಂಥವರಿಗೆ ನನ್ನ ನಮಸ್ಕಾರ. ಬೆಳಗಿನ ಬಿಸಿಲಿನ ಸುದ್ದಿಯನ್ನು ದೋಹಾದಲ್ಲಿ ಇರುವವರ ಮುಂದೆ ಎತ್ತದಿದ್ದರೆ ಉಪಕಾರ. ಉಳಿದಂತೆ, ಕಾಯಿಲೆ ನನಗೆ ಕಲಿಸಿದ್ದು ಒಬ್ಬ ಮನುಷ್ಯನ ಹೆಸರನ್ನು ಮಾತ್ರ. ವಿಮಾ ಕಂಪನಿಯ ಮಾನ್ಯ ಡಾಕ್ಟರ್ ಹುಸಾಮರು.

ಆದರೂ ಬರೆಯುತ್ತಿದ್ದೇನೆ. ಈ ಹೊತ್ತಿಗೆ ಗಲ್ಫಿನ ಯಾವುದೋ ಕೋಣೆಯಲ್ಲಿ ನಮ್ಮವರೊಬ್ಬರು ಬಲಪಕ್ಕೆಯನ್ನು ಒತ್ತಿ ಹಿಡಿದುಕೊಂಡು, ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಸಂದೇಶವನ್ನು ನೋಡುತ್ತ ಕೂತಿರುತ್ತಾರೆ. ಅವರಿಗೆ ಸಮಾಧಾನ ಹೇಳುವ ವಿದ್ಯೆ ನನಗೆ ಗೊತ್ತಿಲ್ಲ. ಸಿಟ್ಟು ಮಾಡಿಕೊಳ್ಳಲು ಜೊತೆ ಬೇಕಿದ್ದರೆ ನಾನಿದ್ದೇನೆ.

ನಾನು ದಾಮೋದರ ಸುವರ್ಣ, ಮಂಗಳೂರಿನ ಹತ್ತಿರದ ಹಳೆಯಂಗಡಿಯವನು. ಕಟ್ಟಡ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಮುಂಭಾಗದ ಗಾಜು, ಅಮೃತಶಿಲೆ ಎಲ್ಲ ಬೇರೆಯವರ ಪಾಲು. ನನ್ನದು ನೀರಿನ ಮತ್ತು ಮೋರಿಯ ಕೊಳವೆಗಳು. ದೋಹಾದ ಪಕ್ಕದ ಹೊಸ ನಗರ ಲುಸೈಲಿನ ಗೋಪುರಗಳನ್ನು ಕಂಡು ಜನ ಕತ್ತೆತ್ತಿ ಬಾಯಿ ಬಿಡುವಾಗ ನಾನು ಅವುಗಳ ಹೊಟ್ಟೆಯೊಳಗೆ ಯಾವುದು ಎಲ್ಲಿ ಇಳಿಯುತ್ತದೆ ಎಂದು ಯೋಚಿಸುವ ಪೈಕಿ. ಯೋಜನೆಗಳು ಮುಗಿದವು, ಕಂಪನಿ ನನ್ನ ಹುದ್ದೆಯನ್ನು ಖಲಾಸ್ ಮಾಡಿತು. ಹೆಂಡತಿ ಸುಮತಿ ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಗಣಿತದ ಟೀಚರು. ನನ್ನ ವೀಸಾ ಅವಳ ಹೆಸರಿಗೆ ಬದಲಾಯಿತು. ಹೀಗೆ ಮದುವೆಯಾದ ಎಷ್ಟೋ ವರ್ಷಗಳ ಮೇಲೆ ನಾನು ಕಾನೂನಿನ ಪ್ರಕಾರ ಸುಮತಿಯ ಆಶ್ರಿತನಾದೆ. ಇದ್ದ ವಾಸ್ತವಕ್ಕೆ ಕಾನೂನು ತಡವಾಗಿ ಬಂದು ಸೇರಿತು, ಅಷ್ಟೆ.

ಅವಳ ಶಾಲೆಯ ವಿಮೆ ಅವಳಿಗೆ ಮಾತ್ರ. ನನಗೆ ಬೇರೆ ಮಾಡಿಸಬೇಕು. ಅಲ್ ಮನ್ಸೂರಾದ ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಮೈಸೂರಿನ ರಾಘು ಇದ್ದಾರೆ, ಅಕೌಂಟ್ಸ್‌ನವರು, ಯಾವ ಪೋರ್ಟಲ್ಲಿಗೂ ಹೆದರದ ಧೀರ. ಒಂದು ಶುಕ್ರವಾರ ಮಧ್ಯಾಹ್ನ ಅವರು ಲ್ಯಾಪ್‌ಟಾಪ್ ಸಮೇತ ನಮ್ಮ ಊಟದ ಮೇಜಿಗೆ ಬಂದು ಕೂತರು.

“ನೋಡಿ ಸಾರ್, ಇದು ಪಬ್ಲಿಕ್ ಪೋರ್ಟಲ್ಲು. ಲೈಸೆನ್ಸ್ ಇರೋ ಕಂಪನಿಗಳೆಲ್ಲ ಇಲ್ಲೇ ಸಾಲಾಗಿ ಅವೆ. ಮೂರು ಮೂರು ಪಕ್ಕಪಕ್ಕ ಇಟ್ಕೊಂಡು ಹೋಲಿಸ್ಬೋದು. ಮಾರ್ಕೆಟ್ ಇದ್ದಂಗೆ.”

“ಮಾರ್ಕೆಟ್ ಆದ್ರೆ ಕಿವಿರು ಎತ್ತಿ ನೋಡ್ಲಿಕ್ಕೆ ಬಿಡ್ಬೇಕಲ್ಲ. ಅದು ಎಲ್ಲಿ ಉಂಟು?”

“ಏನ್ ಸಾರ್?”

“ಅವರು ಬಂಗುಡೆ ಆರಿಸ್ತಾ ಇದ್ದಾರೆ ರಾಘು, ನೀವು ಮುಂದೆ ಹೋಗಿ,” ಎಂದಳು ಸುಮತಿ. ಸಸ್ಯಾಹಾರಿ ರಾಘು ಮುಂದೆ ಹೋದರು.

ಬೆಳ್ಳಿ, ಚಿನ್ನ, ಮುತ್ತು ಎಂದೆಲ್ಲ ಯೋಜನೆಗಳಿದ್ದವು. ಒಂದರಲ್ಲಿ ಹಲ್ಲಿಗೆ ಉಂಟು, ಕಣ್ಣಿಗೆ ಇಲ್ಲ. ಇನ್ನೊಂದರಲ್ಲಿ ಹೆರಿಗೆಗೆ ಉಂಟು. ಹೆರಿಗೆಯನ್ನು ಬಿಟ್ಟುಕೊಡಲು ನಾನು ಉದಾರ ಮನಸ್ಸಿನಿಂದ ಒಪ್ಪಿದೆ. ರಾಘು ಗಂಟಲು ಒಣಗುವಷ್ಟು ವಿವರಿಸಿದ ಮೇಲೆ ನಾನು ಆರಿಸಿದ್ದು ಚಿತ್ರ ನೋಡಿ. ಬೇರೆ ಎಲ್ಲ ಕಂಪನಿಗಳ ಚಿತ್ರದಲ್ಲೂ ಕುಟುಂಬಗಳು ಹಲ್ಲು ಕಿರಿದು ನಗುತ್ತಿದ್ದವು. ಆರೋಗ್ಯ ವಿಮೆ ಕೊಳ್ಳುವಾಗ ನಗುವವರನ್ನು ನಾನು ನಂಬುವುದಿಲ್ಲ. ಇದೊಂದರಲ್ಲಿ ಮುದುಕರೊಬ್ಬರು ಗಂಭೀರವಾಗಿ ಸಮುದ್ರ ನೋಡುತ್ತ ನಿಂತಿದ್ದರು. ಅವರು ಯಾಕೆ ಅಷ್ಟು ಗಂಭೀರವಾಗಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಪೋರ್ಟಲಿನದು ಏನೂ ತಪ್ಪಿಲ್ಲ. ಅದು ಕೇಳಿದ್ದಕ್ಕೆಲ್ಲ ನಾವು ಸರಿಯಾಗಿಯೇ ಗುರುತು ಹಾಕಿದ್ದೆವು. ಕುತ್ತು ಬಂದದ್ದು ಆಮೇಲೆ ಕಂಪನಿಯಿಂದ ಬಂದ ಫೋನಿನಲ್ಲಿ. ಅರ್ಜಿ ಹಾಕಿದವರೊಡನೆ ಒಮ್ಮೆ ಮಾತಾಡಿ ಖಾತ್ರಿ ಮಾಡಿಕೊಳ್ಳುವುದು ಅವರ ಪದ್ಧತಿ. ವಿನಯವಂತ ಹುಡುಗಿ, ಇಂಗ್ಲಿಷಿನಲ್ಲಿ ಕೇಳಿದಳು: “ಸರ್, ನಿಮಗೆ ಯಾವುದಾದರೂ ಕಾಯಿಲೆ ಇದೆಯೇ?”

“ಇಲ್ಲ.”

“ಏನೂ ಇಲ್ಲವೇ ಸರ್? ಪೂರ್ತಿ ಆರೋಗ್ಯವೇ?”

ಇಲ್ಲಿ ನಮ್ಮ ಕಡೆಯ ಒಂದು ಮರ್ಯಾದೆಯ ವಿಷಯ ಹೇಳಬೇಕು. ಯಾರಾದರೂ ‘ಹೇಗಿದ್ದೀರಿ’ ಎಂದರೆ ‘ನನಗೇನು, ಕಲ್ಲುಗುಂಡಿನ ಹಾಗಿದ್ದೇನೆ’ ಎನ್ನುವವನು ನಮ್ಮಲ್ಲಿ ಅಹಂಕಾರಿ. ಅವನಿಗೆ ದೃಷ್ಟಿ ತಾಗುತ್ತದೆ, ತಾಗಲಿ ಎಂದು ಹಾರೈಸುವವರೂ ಇರುತ್ತಾರೆ. ಅದಕ್ಕೇ ಒಂದು ಸಣ್ಣ ಕೊರತೆಯನ್ನು ಎದುರಿಗಿಟ್ಟು ಮಾತು ಮುಗಿಸುವುದು ರೂಢಿ. ಹಿಂದಿನವರು ಏನು ಹೇಳುತ್ತಿದ್ದರೋ, ನಮ್ಮ ತಲೆಮಾರಿಗೆ ದಕ್ಕಿದ್ದು ‘ಗ್ಯಾಸ್ಟ್ರಿಕ್’. ಮದುವೆ ಮನೆಯಲ್ಲಿ ಎರಡನೆಯ ಸಲ ಪಾಯಸ ಬೇಡ ಎನ್ನಲು ಗ್ಯಾಸ್ಟ್ರಿಕ್. ಮೀಟಿಂಗಿಗೆ ತಡವಾದರೆ ಗ್ಯಾಸ್ಟ್ರಿಕ್. ಅದು ರೋಗದ ಹೆಸರಲ್ಲ, ವಿನಯದ ಒಂದು ಪ್ರಕಾರ.

“ಸ್ವಲ್ಪ ಗ್ಯಾಸ್ಟ್ರಿಕ್,” ಎಂದೆ.

“ಗ್ಯಾಸ್ಟ್ರಿಕ್... ಏನು ಸರ್? ಅಲ್ಸರ್?”

“ಛೆ ಛೆ. ಬರೇ ಗ್ಯಾಸ್ಟ್ರಿಕ್.”

“ಎಷ್ಟು ಸಮಯದಿಂದ ಸರ್?”

“ಅದು ಚಿಕ್ಕಂದಿನಿಂದ ಉಂಟು,” ಎಂದು ನಕ್ಕೆ. ಆ ಕಡೆ ಕೀಲಿಮಣೆ ಟಕಟಕ ಎಂದಿತು. ಸುಮತಿ ಚಪಾತಿ ಲಟ್ಟಿಸುತ್ತಿದ್ದವಳು ಅಡುಗೆಮನೆಯಿಂದ ಹೊರಗೆ ಬಂದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

“ಇಲ್ಲದ ರೋಗ ಎಂತಕ್ಕೆ ಹೇಳಿದ್ದು ಮಾರಾಯ್ರೆ?”

“ಎಂತದೂ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗ್ತದಾ?”

“ಇನ್ಸೂರೆನ್ಸಿನವರಿಗೆ ಹೇಳ್ಲಿಕ್ಕೆ ಆಗ್ತದೆ. ಅವರ ದೃಷ್ಟಿ ಹೇಗೂ ತಾಗಿಯೇ ತಾಗ್ತದೆ.”

ಕಾರ್ಡು ಬಂತು. ಅದರ ಮೇಲೆ ಅದೇ ಮುದುಕರು, ಅದೇ ಸಮುದ್ರ.

ಬೇಸಿಗೆ ಕಳೆದು ಜನ ಮತ್ತೆ ಹೊರಗೆ ನಡೆದಾಡುವ ಕಾಲ ಬಂದಾಗ ನನ್ನ ಬಲಪಕ್ಕೆಯಲ್ಲಿ ಯಾರೋ ಗೂಟ ಹೊಡೆದರು. ಮೊದಲ ಸಲ ನಾನು ಅದಕ್ಕೆ ಕೊಟ್ಟ ಹೆಸರು ಏನೆಂದು ಹೇಳಬೇಕಾಗಿಲ್ಲ. ಸೋಡಾ ಕುಡಿದೆ. ಸುರತ್ಕಲ್ಲಿನ ಅಕ್ಕ ವಿಡಿಯೋದಲ್ಲಿ ಬಂದು ಜೀರಿಗೆ ಕಷಾಯ ಎಂದಳು, ಅದನ್ನೂ ಕುಡಿದೆ. ಎರಡನೆಯ ಸಲ ನೋವು ಬೆನ್ನಿನ ಕಡೆಗೆ ತಿರುಗಿ ಭುಜಕ್ಕೆ ಏರಿತು, ಮೈ ನಡುಗಿ ಜ್ವರ ಬಂತು. ಸುಮತಿ ಟ್ಯಾಕ್ಸಿ ಕರೆದಳು.

ಆ ಖಾಸಗಿ ಆಸ್ಪತ್ರೆಯ ನರ್ಸು ಕಾಸರಗೋಡಿನವಳು. ನನ್ನ ಹೆಸರು ಓದಿ, ಒಮ್ಮೆ ಮುಖ ನೋಡಿ, “ಬೇನೆ ಉಂಡಾ ಅಣ್ಣಾ?” ಎಂದಳು. ನೋವಿದೆಯೇ ಅಂತ, ಅಷ್ಟೇ. ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದವನಿಗೆ ತುಳು ಕೇಳಿದ್ದೇ ಕಣ್ಣು ತುಂಬಿ ಬಂತು. ನನಗೆ ಸಿಕ್ಕಿದ ಕರುಣೆಗಳ ಲೆಕ್ಕದಲ್ಲಿ ಅದು ಮೊದಲನೆಯದು. ಲೆಕ್ಕ ದೊಡ್ಡದಿಲ್ಲ.

ಸರ್ಜನ್ ಡಾಕ್ಟರ್ ಅಮಲ್, ಸುಡಾನಿನ ಹೆಂಗಸು, ಮಾತು ಕಡಿಮೆ. ಸ್ಕ್ಯಾನಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಗೋಡೆ ದಪ್ಪಗಾಗಿದೆ ಎಂದರು.

ಗೋಡೆ ಎಂದರೆ ನನ್ನ ಭಾಷೆ. “ಎಲ್ಲ ಕಡೆ ಒಂದೇ ಸಮ ದಪ್ಪವೋ?” ಎಂದು ಕೇಳಿದೆ.

ಅವರು ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟರು. “ಅಲ್ಲ. ಒಂದು ಕಡೆ ಹೆಚ್ಚು.”

ಗೋಡೆ ಕಾರಣವಿಲ್ಲದೆ ಒಂದೇ ಕಡೆ ದಪ್ಪವಾಗುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು, ಗಣಿತದ ಟೀಚರಿಗೂ ತಿಳಿಯಿತು. ಸುಮತಿ ನನ್ನ ಚಪ್ಪಲಿಗಳನ್ನು ಬಗ್ಗಿ ಜೋಡಿಸಿ ಇಟ್ಟಳು, ಮತ್ತೆ ತೆಗೆದು ಇನ್ನೊಂದು ಕಡೆ ಇಟ್ಟಳು.

“ಬರೇ ಹಳೆಯ ಉರಿಯೂತ ಇರಬಹುದು,” ಎಂದರು ಡಾಕ್ಟರ್ ಅಮಲ್. “ಬೇರೆಯದೂ ಇರಬಹುದು. ತೆಗೆದು ಪರೀಕ್ಷೆಗೆ ಕಳಿಸದೆ ಹೇಳಲಾಗದು. ತಡ ಮಾಡಬೇಡಿ.”

‘ಬೇರೆಯದು’ ಎಂದರೆ ಯಾವುದು ಎಂದು ಇಬ್ಬರೂ ಕೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ಹೆಸರು ಬರೆಸಿದೆವು. ಅಲ್ಲಿ ನಮಗಿಂತ ಮುಂದೆ ಜನ ಇದ್ದರು, ನ್ಯಾಯವಾದ ಸರದಿ. ಇಲ್ಲಿ ಡಾಕ್ಟರ್ ಅಮಲ್ ತಯಾರಿದ್ದರು. ವಿಮಾ ಕಂಪನಿಯ ಅನುಮತಿ ಒಂದು ಬಂದರೆ ಆಯಿತು. ಅನುಮತಿಗೆ ಬರೆದು ಆಸ್ಪತ್ರೆಯ ವಿಮಾ ಕೌಂಟರಿನ ಎದುರಿನ ಕುರ್ಚಿಯಲ್ಲಿ ಕೂತೆವು. ಸುಮತಿ ಮಕ್ಕಳ ಉತ್ತರಪತ್ರಿಕೆ ತಂದಿದ್ದಳು. ಅವಳು ತಿದ್ದುವುದನ್ನು ಓರೆಗಣ್ಣಿನಿಂದ ನೋಡಿದೆ. ತಪ್ಪು ಉತ್ತರಗಳಿಗೆಲ್ಲ ಪೂರ್ತಿ ಅಂಕ ಕೊಡುತ್ತಿದ್ದಳು. ದೋಹಾದ ಕೆಲವು ಮಕ್ಕಳು ಆ ವರ್ಷ ಗಣಿತದಲ್ಲಿ ಪಾಸಾದದ್ದು ನನ್ನ ಪಿತ್ತಕೋಶದ ಕೃಪೆಯಿಂದ.

ಉತ್ತರ ಬಂತು: ನಿರಾಕರಿಸಲಾಗಿದೆ. ‘ರೋಗಿಗೆ ಬಾಲ್ಯದಿಂದಲೂ ಗ್ಯಾಸ್ಟ್ರಿಕ್ ಕಾಯಿಲೆ ಇದೆ. ಪಾಲಿಸಿಗೆ ಮೊದಲೇ ಇದ್ದದ್ದು.’ ಕೆಳಗೆ ವೈದ್ಯಕೀಯ ಅನುಮೋದನಾ ವಿಭಾಗದ ಡಾಕ್ಟರ್ ಹುಸಾಮರ ಹೆಸರು.

ಪಿತ್ತ ನೆತ್ತಿಗೇರುವುದು ಎನ್ನುತ್ತಾರಲ್ಲ, ಅದು ಬರೇ ಮಾತು ಎಂದುಕೊಂಡಿದ್ದೆ. ಆ ದಿನ ಅದು ಏರಿದ ದಾರಿಯನ್ನು ಬೇಕಿದ್ದರೆ ನಕ್ಷೆಯಲ್ಲಿ ತೋರಿಸಬಲ್ಲೆ.

ಹಲವು ಸಲ ಪ್ರಯತ್ನಿಸಿದ ಮೇಲೆ ಅವರು ಫೋನಿಗೆ ಸಿಕ್ಕಿದರು. ಈಜಿಪ್ಟಿನ ದನಿ, ಎಣ್ಣೆ ಹಚ್ಚಿದ ಹಾಗೆ ನಯ.

“ಮಿಸ್ಟರ್ ದಾಮೋದರ್, ಹಬೀಬಿ, ಇದನ್ನು ನಾವು ಹೇಳಿದ್ದಲ್ಲ. ನೀವೇ ಹೇಳಿದ್ದು. ರೆಕಾರ್ಡ್ ಇದೆ.”

“ಡಾಕ್ಟರ್, ಅದು ಕಾಯಿಲೆ ಅಲ್ಲ. ಕುಶಲ ಮಾತು.”

“ಕುಶಲ ಮಾತು?”

“ನಿಮ್ಮನ್ನು ಯಾರಾದರೂ ಹೇಗಿದ್ದೀರಿ ಅಂದರೆ, ಜ್ವರ ಇದ್ದರೂ ಅಲ್‌ಹಮ್ದುಲಿಲ್ಲಾ ಅನ್ನುತ್ತೀರಲ್ಲ? ಹಾಗೆ ನಾವು ಆರೋಗ್ಯ ಇದ್ದರೂ ಗ್ಯಾಸ್ಟ್ರಿಕ್ ಅನ್ನುತ್ತೇವೆ.”

ಆ ಕಡೆ ಕೀಲಿಮಣೆಯ ಸದ್ದು. ಅರ್ಥವಾಯಿತು ಎಂದೇ ನಾನು ನಂಬಿದೆ. ಆಮೇಲೆ ಹೇಳಿದರು: “ನಮ್ಮ ಸಿಸ್ಟಮಿನಲ್ಲಿ ಕುಶಲ ಮಾತಿಗೆ ಕೋಡ್ ಮಾಫಿ.” ಮಾಫಿ ಎಂದರೆ ಇಲ್ಲ. ಇಲ್ಲಿ ಮೊದಲು ಕಲಿಯುವ ಅರಬಿ ಪದ ಅದು.

“ಪಿತ್ತಕೋಶ ಜಠರದ ಒಳಗೆ ಇಲ್ಲ, ಡಾಕ್ಟರ್.”

“ಹೊಟ್ಟೆ ಹೊಟ್ಟೆಯೇ, ಹಬೀಬಿ,” ಎಂದು ಮಾನ್ಯರು ಫೋನ್ ಇಟ್ಟರು.

ಹೊಟ್ಟೆ ಹೊಟ್ಟೆಯೇ! ವೈದ್ಯಶಾಸ್ತ್ರ ಓದಿದ ಮನುಷ್ಯನ ಬಾಯಿಂದ! ಅವರ ಕಚೇರಿ ಲುಸೈಲಿನ ಯಾವ ಗೋಪುರದಲ್ಲಿದೆ ಎಂದು ನೋಡಿದೆ. ದೇವರು ದೊಡ್ಡವನು: ಆ ಗೋಪುರದ ಮೋರಿ ಕೊಳವೆಗಳ ನಕ್ಷೆ ನನ್ನದೇ. ಅವರ ಮಹಡಿಯ ಶೌಚಾಲಯದಿಂದ ಹೊರಡುವ ಪ್ರತಿಯೊಂದು ಹನಿಗೂ ದಾರಿ ತೋರಿಸಿದವನು ನಾನು. ಒಂದೇ ಒಂದು ಕೊಳವೆಯ ಇಳಿಜಾರನ್ನು ಉಲ್ಟಾ ಬರೆದಿದ್ದರೆ ಎಂದು ತುಂಬ ಹೊತ್ತು ಯೋಚಿಸಿದೆ. ನನ್ನ ಇಡೀ ವೃತ್ತಿಜೀವನದಲ್ಲಿ ಪ್ರಾಮಾಣಿಕತೆಯ ಬಗ್ಗೆ ನಾನು ಪಶ್ಚಾತ್ತಾಪ ಪಟ್ಟದ್ದು ಆ ಒಂದು ಸಂಜೆ.

ಎಲ್ಲರೂ ಒಂದೇ ಮಾತು ಹೇಳಿದರು. ಊರಿಗೆ ಹೋಗಿ, ಮಂಗಳೂರಿನಲ್ಲಿ ಮಾಡಿಸಿಕೊಳ್ಳಿ. ರಾಘು ಹೇಳಿದರು, ಅಕ್ಕ ಹೇಳಿದಳು. ಸುಮತಿ ಹೇಳುವಾಗ ತಟ್ಟೆ ತೊಳೆಯುತ್ತಿದ್ದಳು.

“ಟಿಕೆಟ್ ಮಾಡುವ. ನಾನೂ ರಜೆ ಹಾಕ್ತೇನೆ.”

“ಹೋದ್ರೆ ಆ ಹುಸಾಮ ಗೆದ್ದ ಹಾಗೆ ಆಗ್ತದೆ.”

ಅವಳು ನಲ್ಲಿ ನಿಲ್ಲಿಸಿದಳು. “ನಿಮಗೆ ಬದುಕ್ಲಿಕ್ಕೆ ಉಂಟಾ, ಗೆಲ್ಲಿಕ್ಕೆ ಉಂಟಾ? ಒಂದು ಹೇಳಿ. ನಿಮ್ಮ ಹಟಕ್ಕೆ ನಾನು ಇಲ್ಲಿ ಒಬ್ಬಳೇ ಆಗ್ಬೇಕಾ?”

ಬದುಕಬೇಕು, ಖಂಡಿತ. ಆದರೆ ಒಳಗೆ ಬೆಳೆಯುತ್ತಿರುವುದು ಏನೆಂದು ಗೊತ್ತಿಲ್ಲದವನಿಗೆ ಒಂದು ಗೊತ್ತಿರುವ ಶತ್ರು ಬೇಕಾಗುತ್ತಾನೆ. ಹುಸಾಮರ ಮೇಲೆ ಹಲ್ಲು ಕಡಿಯುತ್ತಿದ್ದ ಹೊತ್ತು ನಾನು ಆ ಗೋಡೆಯನ್ನು ಮರೆತಿರುತ್ತಿದ್ದೆ. ಇದನ್ನು ಸುಮತಿಗೆ ಹೇಳಲಾಗಲಿಲ್ಲ. “ಸ್ವಲ್ಪ ದಿನ ಕೊಡು,” ಎಂದೆ. ಅವಳು ಮುಂದಿನ ಶುಕ್ರವಾರದ ವಿಮಾನಕ್ಕೆ ಟಿಕೆಟ್ ಮಾಡಿ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು. “ಇಷ್ಟು ದಿನ ಕೊಟ್ಟಿದ್ದೇನೆ.”

ಯುದ್ಧಕ್ಕೆ ನನ್ನ ಹತ್ತಿರ ಇದ್ದ ಆಯುಧ ಒಂದೇ, ಗಲ್ಫಿನ ಕಟ್ಟಡ ಕಂಪನಿಗಳ ಕಾಗದದ ವಿದ್ಯೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ನಮ್ಮಲ್ಲಿ ಯಾರ ಮೇಲಾದರೂ ಹಗೆ ಇದ್ದರೆ ಬಯ್ಯುವುದಿಲ್ಲ, ‘ಮಾಹಿತಿ ಕೋರಿಕೆ’ ಕಳಿಸುತ್ತೇವೆ. ಅತ್ಯಂತ ವಿನಯದಿಂದ ಒಂದು ಪ್ರಶ್ನೆ, ಜೊತೆಗೊಂದು ನಕ್ಷೆ, ಎಲ್ಲ ಮೇಲಧಿಕಾರಿಗಳಿಗೂ ಪ್ರತಿ. ಕೊನೆಯಲ್ಲಿ ಒಂದು ವಾಕ್ಯ: ‘ಇಂಥ ದಿನದೊಳಗೆ ತಮ್ಮ ಉತ್ತರ ಬಾರದಿದ್ದಲ್ಲಿ ತಾವು ಒಪ್ಪಿರುವಿರೆಂದೇ ಭಾವಿಸಲಾಗುವುದು.’ ಈ ವಾಕ್ಯಕ್ಕೆ ಹೆದರಿ ಬೆವರಿದ ಎಂಜಿನಿಯರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಹೊಟ್ಟೆಯ ಅಡ್ಡಕೊಯ್ತದ ನಕ್ಷೆ ಬರೆದೆ. ಜಠರಕ್ಕೊಂದು ಲೈನು, ಪಿತ್ತಕೋಶಕ್ಕೆ ಬೇರೆಯೇ ಲೈನು, ಎರಡೂ ಕೂಡುವುದು ಕೆಳಗಿನ ಮ್ಯಾನ್‌ಹೋಲಿನಲ್ಲಿ. ಮೇಲಿನಿಂದ ನೋಡಿದ ಹಾಗೆ ಇನ್ನೊಂದು. ಕಲ್ಲು ಕಟ್ಟಿಕೊಂಡ ಜಾಗಕ್ಕೆ, ನಕ್ಷೆಯಲ್ಲಿ ತಕರಾರು ಇದ್ದಲ್ಲಿ ಹಾಕುವ ಕೆಂಪು ಮೋಡದ ಗುರುತು. ಕೋರಿಕೆಗಳನ್ನು ದಿನಕ್ಕೊಂದರಂತೆ ಬಿಟ್ಟೆ. ‘ಹೊಟ್ಟೆ ಹೊಟ್ಟೆಯೇ ಎಂಬ ತಮ್ಮ ನಿರ್ದೇಶನ ನಮಗೆ ತಲುಪಿದೆ. ಹಾಗಿದ್ದಲ್ಲಿ ಹೊಕ್ಕುಳವನ್ನೂ ಗ್ಯಾಸ್ಟ್ರಿಕ್ ಎಂದೇ ನಮೂದಿಸಬೇಕೋ? ದಯವಿಟ್ಟು ಖಚಿತಪಡಿಸಿ.’ ‘ಲಗತ್ತಿಸಿದ ನಕ್ಷೆಯಲ್ಲಿ ಗ್ಯಾಸ್ಟ್ರಿಕ್ಕಿನ ಮೇರೆಯನ್ನು ಗೆರೆ ಎಳೆದು ತೋರಿಸಿ ಕೊಡಬೇಕಾಗಿ ವಿನಂತಿ.’ ವಿಮೆಯ ದೂರುಗಳನ್ನು ಕೇಳುವ ಸರ್ಕಾರಿ ವಿಭಾಗಕ್ಕೂ ಒಂದು ದೂರು ಹಾಕಿ, ಪ್ರತಿಯೊಂದರ ಪ್ರತಿಯನ್ನೂ ಅಲ್ಲಿಗೆ ಕಳಿಸಿದೆ. ನಡುನಡುವೆ ನೋವು ಬರುತ್ತಿತ್ತು. ನೋವಿನಲ್ಲಿ ಬರೆದ ಕೋರಿಕೆಗಳಲ್ಲಿ ವಿನಯ ಜಾಸ್ತಿ.

ರಾಘು ಒಂದನ್ನು ಓದಿ ಹೇಳಿದರು: “ಸಾರ್, ಇದನ್ನ ಓದಿದ್ರೆ ಅವ್ರಿಗೇ ಹೊಟ್ಟೆನೋವು ಬರತ್ತೆ.”

“ಬಂದ್ರೆ ಬರಲಿ. ಅವರ ವಿಮೆ ಯಾವ ಕಂಪನಿದು ಅಂತ ಕೇಳ್ಬೇಕು.”

ಶುಕ್ರವಾರ ಹತ್ತಿರ ಬಂತು. ಸುಮತಿ ಸೂಟ್‌ಕೇಸು ತುಂಬಿಸಿದಳು. ನಾನು ಅದರ ಪಕ್ಕದಲ್ಲೇ ಕೂತು ಕೊನೆಯದೊಂದು ಕೋರಿಕೆ ಬರೆಯುತ್ತಿದ್ದಾಗ ಫೋನ್ ಬಂತು. ಹುಸಾಮರೇ. ದನಿಯಲ್ಲಿ ಎಣ್ಣೆ ಇರಲಿಲ್ಲ.

“ಮಿಸ್ಟರ್ ದಾಮೋದರ್, ಯಲ್ಲಾ, ಸಾಕು. ನಿಮ್ಮ ನಕ್ಷೆಗಳನ್ನು ನನ್ನ ಡೈರೆಕ್ಟರ್ ಮೀಟಿಂಗಿನಲ್ಲಿ ಗೋಡೆಗೆ ಹಾಕಿ ತೋರಿಸಿದರು. ವಿಶೇಷ ಪ್ರಕರಣ ಎಂದು ಅನುಮತಿ ಕೊಟ್ಟಿದ್ದೇವೆ. ದಯವಿಟ್ಟು ಇನ್ನು ಕಳಿಸಬೇಡಿ.”

ಫೋನ್ ಇಟ್ಟು ಸುಮತಿಗೆ ಹೇಳಿದೆ. ಅವಳು ಸೂಟ್‌ಕೇಸಿನ ಮೇಲೇ ಕೂತುಬಿಟ್ಟಳು. ನಕ್ಕಳೋ ಅತ್ತಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಒಂದೊಂದೇ ಬಟ್ಟೆ ತೆಗೆದು ಕಪಾಟಿನಲ್ಲಿಟ್ಟಳು, ಆಸ್ಪತ್ರೆಗೆ ಬೇಕಾದ ಲುಂಗಿಯೊಂದನ್ನು ಬಿಟ್ಟು.

ಆಪರೇಷನ್ನಿನ ಬಗ್ಗೆ ಬರೆಯಲು ಹೆಚ್ಚಿಲ್ಲ. ನಾನು ಅಲ್ಲಿ ಹಾಜರಿದ್ದರೂ ಗಮನ ಇರಲಿಲ್ಲ. ಎಚ್ಚರವಾದಾಗ ಗಂಟಲು ಒಣಗಿ ಸುಡುತ್ತಿತ್ತು, ನೀರು ಕೊಡಲಿಲ್ಲ. ಕಾಸರಗೋಡಿನ ನರ್ಸು ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಅದು ಎರಡನೆಯ ಕರುಣೆ. ಡಾಕ್ಟರ್ ಅಮಲ್ ಬಂದು ಎಲ್ಲ ಸರಿಯಾಗಿ ಆಯಿತು ಎಂದರು. ಪಿತ್ತಕೋಶ ಹೋಯಿತಲ್ಲ, ಇನ್ನು ಪಿತ್ತ ಇರುವುದಿಲ್ಲವೇ ಎಂದು ಕೇಳಿದೆ.

“ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ. ಗೋದಾಮು ಮಾತ್ರ ಹೋದದ್ದು. ಇನ್ನು ಸದಾ ತೊಟ್ಟಿಕ್ಕುತ್ತಾ ಇರುತ್ತದೆ.”

ನನ್ನ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಆದರೆ ಅವರು ಮುಂದಿನದನ್ನೂ ಹೇಳಿದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಬಂದ ದಿನ ಕರೆಯುತ್ತಾರೆ. ಆ ಗೋಡೆಯಲ್ಲಿ ಏನಿತ್ತು ಎಂದು ಆಗ ತಿಳಿಯುತ್ತದೆ.

ಮನೆಗೆ ಬಂದು ಕಾಯುತ್ತಿದ್ದಾಗ ಹುಸಾಮರ ಫೋನು ಮತ್ತೆ. ದೂರು ಇನ್ನೂ ತೆರೆದೇ ಇದೆಯಂತೆ. ನಾನು ಒಪ್ಪಿಗೆ ಕೊಡದೆ ಆ ವಿಭಾಗದವರು ಅದನ್ನು ಮುಚ್ಚುವುದಿಲ್ಲವಂತೆ. ಇಲ್ಲಿ ಕಚೇರಿಯ ವಾರ ಶುರುವಾಗುವುದು ಭಾನುವಾರ, ಡೈರೆಕ್ಟರು ಪ್ರತಿ ಭಾನುವಾರ ಕೇಳುತ್ತಾರಂತೆ.

“ನಿಮ್ಮ ಕೆಲಸ ಆಯಿತಲ್ಲ, ಹಬೀಬಿ. ಇನ್ನು ನಿಮಗೆ ಏನು ಬೇಕು?”

ನಾನು ಕ್ಷಮಾಪಣೆ ಕೇಳಬಹುದಿತ್ತು. ಕ್ಷಮಾಪಣೆ ಅವರು ಕ್ಷಣದಲ್ಲಿ ಕೊಡುತ್ತಿದ್ದರು, ಅದಕ್ಕೆ ಖಂಡಿತ ಕೋಡ್ ಇರುತ್ತದೆ. ನನ್ನ ಬಾಯಲ್ಲಿ ಬಂದದ್ದು ಬೇರೆ.

“ನನ್ನ ವರದಿ ಬರುವ ದಿನ ಆಸ್ಪತ್ರೆಗೆ ಬನ್ನಿ. ನಮ್ಮ ಜೊತೆ ಕಾಯುವ ಕೋಣೆಯಲ್ಲಿ ಕೂತುಕೊಳ್ಳಿ. ಮಾತಾಡಬೇಕಾಗಿಲ್ಲ. ಕೂತರೆ ಸಾಕು.”

ಅವರು ನಕ್ಕರು. ನಾನು ನಗಲಿಲ್ಲ. ನಗು ನಿಂತಿತು.

ಬಂದರು. ಬರುವುದಿಲ್ಲ ಎಂದೇ ಸುಮತಿ ಪಂಥ ಕಟ್ಟಿದ್ದಳು. ನಾನು ಮನಸ್ಸಿನಲ್ಲಿ ಮೀಸೆಯ ಒಬ್ಬ ದೈತ್ಯನನ್ನು ಕಟ್ಟಿಕೊಂಡಿದ್ದೆ. ಬಂದವರು ನನ್ನದೇ ವಯಸ್ಸಿನ, ಬೋಳುತಲೆಯ, ಇಸ್ತ್ರಿ ಕೆಟ್ಟ ಅಂಗಿಯ ಮನುಷ್ಯ. ಇದರಿಂದ ನನಗೆ ತುಂಬ ನಿರಾಸೆಯಾಯಿತು. ಆದರೂ ಹಗೆಯನ್ನು ಬಿಡಲಿಲ್ಲ. ನನ್ನ ಮತ್ತು ಸುಮತಿಯ ನಡುವಿನ ಕುರ್ಚಿ ತೋರಿಸಿದೆ. ಕೂತರು.

ಆ ಕೋಣೆಯ ಕುರ್ಚಿಗಳ ಗುಣ ನನಗೆ ಚೆನ್ನಾಗಿ ಗೊತ್ತಿತ್ತು. ಒರಗಿದರೆ ಜಾರುತ್ತವೆ, ಮುಂದೆ ಬಾಗಿದರೆ ಬೆನ್ನು ನೋಯುತ್ತದೆ. ಎದುರಿನ ಪರದೆಯಲ್ಲಿ ಟೋಕನ್ ಸಂಖ್ಯೆ ಬದಲಾದಾಗಲೆಲ್ಲ ಒಂದು ಗಂಟೆ ಟಿಂಗ್ ಎನ್ನುತ್ತದೆ, ಪ್ರತಿ ಸಲವೂ ಎಲ್ಲರ ಕತ್ತೂ ಮೇಲೇಳುತ್ತದೆ. ಹುಸಾಮರ ಕತ್ತು ಕೂಡ ಏಳತೊಡಗಿತು. ಎದುರುಸಾಲಿನಲ್ಲಿ ಒಬ್ಬ ನೇಪಾಳಿ ಕಾರ್ಮಿಕ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಬಸುರಿ ಹೆಂಗಸೊಬ್ಬಳು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಯಾವಾಗಲೂ ಇಷ್ಟು ಹೊತ್ತಾಗುತ್ತದೆಯೇ?” ಹುಸಾಮರು ತಗ್ಗಿದ ದನಿಯಲ್ಲಿ ಕೇಳಿದರು.

“ಇ‌ವತ್ತು ಬೇಗ,” ಎಂದೆ.

ನನ್ನ ಸಂಖ್ಯೆ ಬಂತು. ಟಿಂಗ್. ಹುಸಾಮರು ನನಗಿಂತ ಮೊದಲು ನೆಟ್ಟಗಾದರು. ನಾನು ಏಳಲಿಲ್ಲ. ಬಸುರಿ ಹೆಂಗಸಿನ ಕಡೆ ಕೈ ಮಾಡಿ, ತಾಯಿ, ನೀವು ಮೊದಲು ಹೋಗಿ ಎಂದೆ. ಅವಳು ಹರಸುತ್ತ ಹೋದಳು. ಹುಸಾಮರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಮತ್ತೆ ಜಾರಿ ಕೂತರು. ಅವಳು ಹೊರಗೆ ಬಂದ ಮೇಲೆ ನೇಪಾಳಿಯನ್ನು ಕಳಿಸಿದೆ. ಹುಸಾಮರ ಹಣೆಯಲ್ಲಿ ಬೆವರು. ಎಸಿ ಜೋರಾಗಿಯೇ ಇತ್ತು. ಬಹಳ ದಿನಗಳ ನಂತರ ನನ್ನ ಹೊಟ್ಟೆ ತಣ್ಣಗಿತ್ತು.

ಇನ್ನೊಬ್ಬರಿಗೆ ಕೈ ಮಾಡಬೇಕೆಂದು ಎತ್ತಿದ ಕೈಯನ್ನು ಸುಮತಿ ಹುಸಾಮರ ಆಚೆಯಿಂದ ಬಗ್ಗಿ ಹಿಡಿದಳು.

“ನೀವು ಅವನಿಗೆ ಶಿಕ್ಷೆ ಕೊಡ್ತಾ ಇಲ್ಲ,” ಎಂದಳು ತುಳುವಿನಲ್ಲಿ. “ಒಳಗೆ ಹೋಗ್ಲಿಕ್ಕೆ ಹೆದರಿ ಕೂತಿದ್ದೀರಿ. ಏಳಿ.”

ನಾನು ಏಳಲು ಹೋಗಿ ಮತ್ತೆ ಕುರ್ಚಿಗೇ ಜಾರಿದೆ. ಏನೆಂದು ಅರ್ಥವಾಗದಿದ್ದರೂ ಹುಸಾಮರು ನನ್ನ ಮೊಣಕೈಗೆ ಕೈಕೊಟ್ಟು ಎಬ್ಬಿಸಿದರು. ನಾನು ಅವರಿಗೆ ಧನ್ಯವಾದ ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲು ಬಯಸುತ್ತೇನೆ.

ಒಳಗೆ ಡಾಕ್ಟರ್ ಅಮಲ್ ಪರದೆಯನ್ನು ನಮ್ಮ ಕಡೆ ತಿರುಗಿಸುವ ಮೊದಲೇ ಹೇಳಿದರು: “ಉರಿಯೂತ ಮಾತ್ರ. ಬೇರೆ ಏನೂ ಇಲ್ಲ. ಮನೆಗೆ ಹೋಗಿ, ಊಟ ಮಾಡಿ.” ಸುಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿ ನೆಟ್ಟಗೆ ಇಟ್ಟೆ. ಯಾಕೆಂದು ಗೊತ್ತಿಲ್ಲ. ಅದು ಅವರ ಪೆನ್ನು.

ಹೊರಗೆ ಬಂದೆವು. ಹುಸಾಮರು ನಿಂತಿದ್ದರು. ಸುಮತಿಯ ಕೆಂಪಾದ ಕಣ್ಣು ನೋಡಿದರು, ನನ್ನ ಮುಖ ನೋಡಿದರು. ಎರಡರಲ್ಲೂ ಅವರಿಗೆ ಏನೂ ತಿಳಿಯಲಿಲ್ಲ. ಕೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು. ಕೈಯಲ್ಲಿದ್ದ ಕಾರಿನ ಕೀಲಿಯನ್ನು ತಿರುಗಿಸುತ್ತಲೇ ಇದ್ದರು.

ಸುಮತಿ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳ ಮನಸ್ಸು ನನ್ನದಕ್ಕಿಂತ ಮೆತ್ತಗಿನದು, ಊರಿಗೆಲ್ಲ ಗೊತ್ತು. ನಾನು ಅವರನ್ನು ದಾಟಿಕೊಂಡು ಮೂಲೆಯ ನೀರಿನ ಯಂತ್ರದ ಹತ್ತಿರ ಹೋಗಿ, ಕಾಗದದ ಲೋಟವನ್ನು ತುಂಬಿಸಿ, ಗುಟುಕು ಗುಟುಕಾಗಿ ಕುಡಿಯತೊಡಗಿದೆ. ಸುಮತಿ ನನ್ನ ಹಿಂದೆಯೇ ಬಂದಳು. ಒಮ್ಮೆ ತಿರುಗಿ ಅವರನ್ನು ನೋಡಿದಳು. ತಾನೂ ಒಂದು ಲೋಟ ತೆಗೆದು ನನ್ನ ಮುಂದೆ ಹಿಡಿದಳು.

“ನನಗೂ ತುಂಬಿಸಿ,” ಎಂದಳು. “ನಿಧಾನಕ್ಕೆ.”